ಕಳೆದುಹೋದ ವಸ್ತುಗಳ ಪತ್ತೇದಾರಿ

ಮನೆಯಲ್ಲಿ ಅವಳನ್ನು ಎಲ್ಲರೂ ಪತ್ತೇದಾರಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ಸೋದರಮಾವ. ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ನಿನ್ನೆಗಿಂತ ಸಡಿಲವಾಗಿದೆ ಎಂದು ಗುಮಾನಿಪಟ್ಟು ಮನೆಮಂದಿಯ ಬೆರಳುಗಳನ್ನೆಲ್ಲ ಮೂಸಿ ನೋಡಿದ್ದಳಂತೆ. ಸಿಕ್ಕಿಬಿದ್ದವರು ಮಾವನೇ. ಆಮೇಲೆ ಮನೆಯಲ್ಲಿ ಏನೇ ಕಾಣೆಯಾದರೂ ಮಾವ ಎರಡೂ ಕೈ ಮುಂದೆ ಚಾಚಿ, “ಬಾಮ್ಮ ಪತ್ತೇದಾರಿ, ಮೂಸಿ ನೋಡು” ಅನ್ನುತ್ತಿದ್ದರು.

ದೊಡ್ಡವಳಾದರೂ ಆ ಗುಣ ಬಿಡಲಿಲ್ಲ. ಹಣ್ಣಿನಂಗಡಿಯ ತಕ್ಕಡಿಯನ್ನು ಒಂದು ಬೆರಳಿನಿಂದ ತಟ್ಟಿ ನೋಡುವಳು. ಹೊಸ ಬೀಗ ತಂದರೆ ಮೊದಲು ಹೇರ್‌ಪಿನ್ನಿನಿಂದ ತೆರೆಯಲು ಪ್ರಯತ್ನಿಸುವಳು. ಕೊನೆಯ ದಿನಗಳಲ್ಲೂ ಆಸ್ಪತ್ರೆಯ ಮಂಚದ ಮೇಲೆ ಒರಗಿ ಕೂತು, ನೇತುಹಾಕಿದ ಬಾಟಲಿಯ ಚೀಟಿಯನ್ನು ತನ್ನ ಕಡೆ ತಿರುಗಿಸಿ ಓದಿದ ಮೇಲೆಯೇ ನರ್ಸಮ್ಮನಿಗೆ ಕೈ ಕೊಡುತ್ತಿದ್ದಳು. ಅವಳು ಹೋದ ದಿನ ಮನೆಗೆ ಬಂದವರೆಲ್ಲ ಇಂಥ ಒಂದೊಂದು ಸಂಗತಿ ನೆನೆದು ನಕ್ಕರು. ನಗು ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಪ್ಪ ಬೇಗ ತೀರಿಕೊಂಡದ್ದರಿಂದ ಅವಳೂ ಅವಳ ಅಮ್ಮನೂ ಮಾವನ ಮನೆಯಲ್ಲೇ ಇದ್ದರು. ಮಾವನಿಗೆ ನಗರದ ಬಸ್ ಸಂಸ್ಥೆಯಲ್ಲಿ ಕೆಲಸ. ಬಸ್ಸಿನಲ್ಲಿ ಜನ ಮರೆತುಬಿಟ್ಟ ವಸ್ತುಗಳನ್ನು ತೆಗೆದಿಡುವ ವಿಭಾಗ. ಆಗಾಗ ಒಂದೊಂದು ಸಾಮಾನು ಮನೆಗೂ ಬರುತ್ತಿತ್ತು. ಒಂದು ಕಣ್ಣಿಲ್ಲದ ಗೊಂಬೆ, ತಂತಿ ಕಿತ್ತ ಆಟದ ಫೋನು. ಯಾರೂ ಕೇಳಿಕೊಂಡು ಬರಲಿಲ್ಲ, ಹರಾಜಿಗೆ ಹಾಕಿದರು, ಕೊಂಡೆ ಎನ್ನುತ್ತಿದ್ದರು ಮಾವ. ಒಂದು ಮಳೆಗಾಲದಲ್ಲಿ ಹಳದಿ ಮಳೆಕೋಟು ಬಂತು. ಹೊಚ್ಚ ಹೊಸದು, ಅವಳ ಅಳತೆಗೆ ಹೊಲಿಸಿದಂತೆ ಇತ್ತು. ಕಾಲರಿನ ಒಳಗೆ ಮಾತ್ರ ಒಂದು ಕಡೆ ಸೂಜಿಯ ಸಣ್ಣ ಸಣ್ಣ ತೂತುಗಳ ಸಾಲು. ಅಲ್ಲೊಂದು ಹೆಸರಿನ ಪಟ್ಟಿ ಇದ್ದು, ಯಾರೋ ಎಳೆ ಎಳೆಯಾಗಿ ಬಿಚ್ಚಿ ತೆಗೆದಿದ್ದರು. ಹೊಸ ಕೋಟನ್ನು ಯಾರು ಕೇಳದೆ ಬಿಡುತ್ತಾರೆ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಎಲ್ಲವನ್ನೂ ಕೆದಕಿ ಕೇಳುವ ಹುಡುಗಿ ಅದೊಂದನ್ನು ಕೇಳಲಿಲ್ಲ. ಕೇಳಿದರೆ ಕೋಟು ವಾಪಸು ಕೊಡಬೇಕಾಗುತ್ತದೆಂಬ ಭಯ.

ಓದು ಮುಗಿಸಿ ಅವಳು ಸೇರಿದ್ದು ಹುಡುಕುವ ತಂತ್ರಾಂಶ ಮಾಡಿಕೊಡುವ ಒಂದು ಸಣ್ಣ ಕಂಪನಿಯನ್ನು. ಆ ಕಂಪನಿಗೆ ಬಸ್ ಸಂಸ್ಥೆಯ ಕೆಲಸವೇ ಸಿಕ್ಕಿತು. ಮರೆತ ವಸ್ತುಗಳ ವಿವರವೆಲ್ಲ ಕಂಪ್ಯೂಟರಿನಲ್ಲಿದ್ದರೂ ಹುಡುಕುವ ದಾರಿ ಇರಲಿಲ್ಲ; ಅದನ್ನು ಮಾಡುವುದು ಅವಳ ಪಾಲಿಗೆ ಬಂತು. ಅಲ್ಲಿ ಕೆಲಸದಲ್ಲಿರುವುದು ತನ್ನ ಮಾವ ಎಂದು ಅವಳು ಯಾರಿಗೂ ಹೇಳಲಿಲ್ಲ. ವಶೀಲಿ ಅಂದುಕೊಂಡಾರು ಎಂಬ ಅನುಮಾನ. ಮಾವನಿಗೆ ಇದೊಂದು ತಮಾಷೆ. ಕಚೇರಿಯಲ್ಲಿ ಎದುರಾದಾಗಲೆಲ್ಲ ಸೊಂಟ ಬಗ್ಗಿಸಿ “ನಮಸ್ಕಾರ ಮೇಡಂ” ಅನ್ನುವರು.

ವಿಭಾಗ ಇದ್ದದ್ದು ಡಿಪೋದ ನೆಲಮಾಳಿಗೆಯಲ್ಲಿ. ಉದ್ದನೆಯ ಕೋಣೆ, ಸಾಲು ಸಾಲು ಕಬ್ಬಿಣದ ಗೂಡುಗಳು, ಗೂಡಿನಲ್ಲಿ ಮುಚ್ಚಳ ಹಾಕಿದ ಬೂದು ಪೆಟ್ಟಿಗೆಗಳು. ಒದ್ದೆ ಬಟ್ಟೆ ಮತ್ತು ರಬ್ಬರಿನ ವಾಸನೆ. ಒಂದು ಬದಿಯಲ್ಲಿ ಚಾಲಕರು ವಸ್ತು ತಂದೊಪ್ಪಿಸುವ ಮೇಜು, ಇನ್ನೊಂದು ಬದಿಯಲ್ಲಿ ಗಾಜಿನ ಹಿಂದೆ ಜನರಿಗೆ ಕೊಡುವ ಕೌಂಟರು. ತೆಗೆದುಕೊಂಡವರು ಕೊಡುವಂತಿಲ್ಲ, ಕೊಡುವವರು ತೆಗೆದುಕೊಳ್ಳುವಂತಿಲ್ಲ ಎಂಬುದು ಅಲ್ಲಿನ ಹಳೆಯ ನಿಯಮ. ಮಾವ ತೆಗೆದುಕೊಳ್ಳುವ ಮೇಜಿನವರು. ಯಾರು ಏನು ಕೇಳಿಕೊಂಡು ಬಂದರು ಎಂಬುದು ಅವರ ಕಿವಿಗೆ ಬೀಳುತ್ತಲೂ ಇರಲಿಲ್ಲ.

ಹುಡುಕುವ ಯಂತ್ರಕ್ಕೆ ವಾಕ್ಯ ತಿಳಿಯದು, ತುಂಡುಗಳಷ್ಟೇ ತಿಳಿಯುವುದು. ‘ಕಂದು ಚರ್ಮದ ಚೀಲ’ ಎಂದು ಬರೆದರೆ ಅದು ಮೂರು ತುಂಡು ಮಾಡಿ, ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಈ ಕಸುಬಿನವರು ಆ ತುಂಡಿಗೆ ಟೋಕನ್ ಎನ್ನುತ್ತಾರೆ. ಯಾರಾದರೂ ‘ಚೀಲ’ ಎಂದು ಕೇಳಿದಾಗ ಯಂತ್ರ ವಿವರಗಳನ್ನು ಓದುತ್ತಾ ಕೂರುವುದಿಲ್ಲ. ‘ಚೀಲ’ದ ತುಂಡು ಎಲ್ಲಿದೆಯೋ ಅಲ್ಲಿಗೆ ನೇರ ಕೈ ಹಾಕುತ್ತದೆ. ಅವಳು ಮೊದಲು ಮಾಡಿಕೊಟ್ಟದ್ದು ಇಷ್ಟೇ. ಆದರೆ ಬರೆಯುವವರ ಕೈ ತಪ್ಪುತ್ತಿತ್ತು. ಒಂದು ಅಕ್ಷರ ಆಚೀಚೆಯಾದರೂ ಪರದೆ ‘ಏನೂ ಸಿಗಲಿಲ್ಲ’ ಎನ್ನುತ್ತಿತ್ತು. ಆಗ ಕೌಂಟರಿನವರು ಗೊಣಗುತ್ತಾ ಟಾರ್ಚು ಹಿಡಿದು ಗೂಡುಗಳ ನಡುವೆ ಹೋಗಿ ಕಣ್ಣಾರೆ ಹುಡುಕಿ ಬರುತ್ತಿದ್ದರು.

ಅಲ್ಲಿನ ಮೇಲ್ವಿಚಾರಕಿ ಇದು ಯಾವ ಸೀಮೆಯ ಹುಡುಕಾಟ ಎಂದು ದೂರಿದ ಮೇಲೆ, ಅವಳು ಯಂತ್ರಕ್ಕೆ ಸ್ವಲ್ಪ ಔದಾರ್ಯ ಕಲಿಸಿದಳು. ಕೇಳಿದ ಪದಕ್ಕೂ ಇಟ್ಟುಕೊಂಡ ತುಂಡಿಗೂ ಒಂದು ಅಕ್ಷರದ ವ್ಯತ್ಯಾಸವಿದ್ದರೆ, ಪದ ಉದ್ದವಾಗಿದ್ದರೆ ಎರಡು ಅಕ್ಷರದ ವ್ಯತ್ಯಾಸವಿದ್ದರೂ, ಸಿಕ್ಕಿತು ಎಂದೇ ಲೆಕ್ಕ. ಈಗ ‘ಕೊಡೆ’ ಕೇಳಿದರೆ ಕೊಡವನ್ನೂ ತೋರಿಸುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿಯದು ಈ ಯಂತ್ರ ಎಂದು ಮೇಲ್ವಿಚಾರಕಿ ನಕ್ಕರೂ ಅವರಿಗೆ ಸಮಾಧಾನವಾಗಿತ್ತು. ಪರದೆ ಖಾಲಿ ಇರುವುದು ನಿಂತಿತು. ಟಾರ್ಚು ಸೆಲ್ಲು ಸತ್ತು ಮೂಲೆ ಸೇರಿತು.

ಅಲ್ಲಿಂದಾಚೆಗೆ ಸಾಮಾನು ಮಾಯವಾಗತೊಡಗಿತು.

ಎಲ್ಲರಿಗಿಂತ ಜೋರಾಗಿ ಕೇಳಿದವನು ಒಬ್ಬ ದರ್ಜಿ. ಅವನು ಬಸ್ಸಿನಲ್ಲಿ ಬಿಟ್ಟದ್ದು ತನ್ನ ಅಪ್ಪನ ಕಾಲದ ದೊಡ್ಡ ಕತ್ತರಿ. ಬೇರೆ ಕತ್ತರಿ ಹಿಡಿದರೆ ಬಟ್ಟೆ ಓಡಿಹೋಗುತ್ತದೆ ಎನ್ನುತ್ತಿದ್ದ. ಯಂತ್ರ ಅವನಿಗೆ ಶಾಲೆ ಮಕ್ಕಳ ಪುಟ್ಟ ಕತ್ತರಿಗಳನ್ನು ತೋರಿಸಿತು, ನಾಟಕದವರ ಮರದ ಕತ್ತಿಯನ್ನೂ ತೋರಿಸಿತು. “ಇದರಲ್ಲಿ ಜುಬ್ಬ ಕತ್ತರಿಸಲಾ, ಯುದ್ಧಕ್ಕೆ ಹೋಗಲಾ?” ಎಂದು ಅವನು ಗಾಜು ಬಡಿದ. ವಾರ ವಾರವೂ ಬಂದ. ಬಸ್ಸಿನ ಚಾಲಕನನ್ನು ಕರೆಸಿ ಕೇಳಿದಾಗ, ಕತ್ತರಿಯನ್ನು ತಾನೇ ಕೈಯಾರೆ ಒಪ್ಪಿಸಿದ್ದೇನೆ ಎಂದ. ಯಾರ ಕೈಗೆ ಎಂದರೆ ಮಾವನನ್ನು ತೋರಿಸಿದ. ಆಮೇಲೆ ಒಂದು ಕೈಗಡಿಯಾರ, ಒಂದು ಕ್ಯಾಮೆರಾ, ಒಬ್ಬ ಮುದುಕಿಯ ಕಿವಿಯ ಯಂತ್ರ. ಪ್ರತಿಯೊಂದರ ಚಾಲಕನೂ ಒಪ್ಪಿಸಿದ್ದೇನೆ ಎನ್ನುವವನೇ, ಬೆರಳೆಲ್ಲ ಮಾವನ ಕಡೆಗೇ. ಮಾವನ ಮೇಜಿನಲ್ಲಿ ಸರದಿಯ ಮೇಲೆ ಕೂರುತ್ತಿದ್ದ ಇನ್ನಿಬ್ಬರು ಹೊಸಬರು ತೆಗೆದುಕೊಂಡದ್ದರಲ್ಲಿ ಒಂದು ಗುಂಡಿಯೂ ಕಳೆದಿರಲಿಲ್ಲ.

ಮೇಲ್ವಿಚಾರಕಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

“ಅವರೊಬ್ಬರ ಕೈಗೆ ಹೋದದ್ದು ಮಾತ್ರ ಯಾಕೆ ಮಾಯ ಆಗುತ್ತೆ, ಹೇಳಿ. ಬರೆದಿಟ್ಟು ಆಮೇಲೆ ಅಳಿಸ್ತಿದ್ದಾರೋ, ಬರೆಯೋದೇ ಇಲ್ಲವೋ, ನೀವು ನೋಡಿ ಹೇಳಬೇಕು. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರದ ಸಭೇಲಿ ಅವರನ್ನ ತೆಗೆದುಹಾಕೋ ಮಾತಿದೆ. ಪೊಲೀಸಿಗೆ ಕೊಡಬೇಕೋ ಬೇಡವೋ ಅನ್ನೋದಷ್ಟೇ ಉಳಿದಿರೋದು.”

ಆಗಲಿ ಎಂದು ಹೊರಗೆ ಬಂದವಳಿಗೆ ಮೊದಲು ನೆನಪಾದದ್ದು ಕಾಲರಿನ ಸೂಜಿ ತೂತುಗಳು. ಮಾವ ಹಾಗೆ ಮಾಡುವವರಲ್ಲ ಎಂದು ಬೇರೆ ಯಾರೇ ಆಗಿದ್ದರೂ ಅಂದುಕೊಳ್ಳುತ್ತಿದ್ದರೇನೋ. ಅವಳಿಗೆ ಹಾಗನ್ನಿಸಲಿಲ್ಲ. ಮಾವನ ಅನ್ನ ತಿಂದು ಬೆಳೆದ ತನಗೇ ಹಾಗನ್ನಿಸಲಿಲ್ಲವಲ್ಲ ಎಂಬ ನಾಚಿಕೆಯನ್ನು ಅವಳು ಎಷ್ಟೋ ವರ್ಷಗಳ ಮೇಲೆ, ಅದೂ ಅರ್ಧಂಬರ್ಧ, ಗೆಳೆಯರಲ್ಲಿ ಹೇಳಿಕೊಂಡಿದ್ದಳು.

ಅಳಿಸಿದ ಗುರುತು ಇದೆಯೇ ಎಂದು ನೋಡಿದಳು, ಇರಲಿಲ್ಲ. ಗುರುತನ್ನೂ ಅಳಿಸಿರಬಹುದು ಎಂದುಕೊಂಡಳು. ಮಾವನಿಗೆ ಅಷ್ಟು ಕಂಪ್ಯೂಟರ್ ಬರುವುದಿಲ್ಲ ಎಂದು ತನಗೇ ಹೇಳಿಕೊಂಡು, ಬರುವುದಿಲ್ಲ ಎಂದು ತೋರಿಸಿಕೊಳ್ಳುತ್ತಿದ್ದರೆ ಎಂದು ಮತ್ತೆ ತಾನೇ ಎದುರು ವಾದ ಹೂಡಿದಳು. ಕೆಲಸ ಸಿಕ್ಕ ಮೇಲೆ ಬೇರೆ ಕೋಣೆ ಹಿಡಿದಿದ್ದಳು; ಭಾನುವಾರ ಅಮ್ಮನಿದ್ದ ಮಾವನ ಮನೆಗೆ ಊಟಕ್ಕೆ ಹೋದವಳು ಕೈ ತೊಳೆಯುವ ನೆಪದಲ್ಲಿ ಒಳಕೋಣೆಯ ಬೀರು ಎಳೆದು ನೋಡಿದಳು. ಬೀಗ ಹಾಕಿತ್ತು. ಮೊದಲು ಹಾಕುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು, ಆಫೀಸಿನಲ್ಲಿ ಸಾಮಾನು ಕಾಣೆಯಾಗುತ್ತಿದೆಯಂತೆ ಎಂದು ಗಾಳಿಯಲ್ಲಿ ತೇಲಿಬಿಟ್ಟಳು.

ಮಾವ ತುತ್ತು ನಿಲ್ಲಿಸದೆ ಎಡಗೈ ಚಾಚಿದರು. “ಮೂಸಬೇಕಾ?”

ಅಮ್ಮ ನಕ್ಕರು. ಅವಳೂ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದಳು.

ಬೋನು ಒಡ್ಡುವುದೆಂದು ತೀರ್ಮಾನಿಸಿದ್ದು ಆ ಸಂಜೆ. ಒಂದು ಹೊಸ ನೀಲಿ ಕೊಡೆ ಕೊಂಡಳು, ಒಳ್ಳೆಯದನ್ನೇ. ಕಳ್ಳನಿಗೂ ಆಸೆ ಹುಟ್ಟಬೇಕಲ್ಲ. ಹಿಡಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿದಳು. ಮಾವನ ಸರದಿಯ ಹೊತ್ತಿಗೆ ಡಿಪೋ ಸೇರುವ ಬಸ್ಸು ಹತ್ತಿ, ಹಿಂದಿನ ಸೀಟಿನ ಮೇಲೆ ಕೊಡೆ ಬಿಟ್ಟು ಇಳಿದಳು. ಮರುದಿನ ಅದೇ ಚಾಲಕನನ್ನು ಹಿಡಿದು ಕೇಳಿದಾಗ, ನೀಲಿ ಕೊಡೆ ತಾನೇ, ಆಗಲೇ ಒಪ್ಪಿಸಿಯಾಯಿತು ಎಂದ.

ಯಂತ್ರದ ಮುಂದೆ ಕೂತು ‘ಕೊಡೆ’ ಎಂದು ಒತ್ತಿದಳು. ಊರಿನವರ ಕೊಡೆಗಳೆಲ್ಲ ಬಂದವು, ಹಿತ್ತಾಳೆಯ ಕೊಡ ಬಂತು. ‘ನೀಲಿ’ ಎಂದಳು. ನೀಲಿ ಟೋಪಿ ಬಂತು, ನೀಲಿ ಸಾಕ್ಸು ಬಂತು. ‘ದಾರ’ ಎಂದಳು. ಅವಳ ಕೊಡೆ ಬರಲಿಲ್ಲ.

ಅಷ್ಟು ಹೊತ್ತಿನ ತನಕ ಅನುಮಾನ ಅವಳಿಗೆ ಒಂದು ಕಸುಬಿನಂತಿತ್ತು, ಕೈಗೆ ಕೆಲಸ ಕೊಡುತ್ತಿತ್ತು. ಈಗ ಆ ಕೆಲಸವೂ ಮುಗಿದಂತಾಯಿತು. ಅಮ್ಮನಿಗೆ ಹೇಗೆ ಹೇಳುವುದು ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಎದ್ದು, ಪೆಟ್ಟಿಗೆಗಳ ಸಂಖ್ಯೆ ತಾಳೆ ನೋಡಬೇಕು ಎಂದು ಕೌಂಟರಿನವರಿಗೆ ಹೇಳಿ, ಗೂಡುಗಳ ನಡುವೆ ಹೋದಳು. ಏನು ಹುಡುಕಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಮಾವ ಸಾಮಾನು ಬಚ್ಚಿಡುವ ಮೂಲೆ ಸಿಕ್ಕೀತು ಎಂದಿರಬೇಕು.

ಕೊನೆಯ ಗೋಡೆಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು. ಪೆಟ್ಟಿಗೆಯಲ್ಲಿ ಹಿಡಿಸದ ಕೊಡೆಗಳನ್ನು ಅಲ್ಲಿ ನೇತುಹಾಕುತ್ತಿದ್ದರು. ಆ ಸಾಲಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಕೆಂಪು ದಾರ ಕಟ್ಟಿದ ನೀಲಿ ಕೊಡೆ ತೂಗುತ್ತಿತ್ತು.

ಆಗಲೂ ಅವಳಿಗೆ ಮೊದಲು ಹೊಳೆದದ್ದು, ಮಾವ ಸುಳಿವು ಸಿಕ್ಕಿ ತಂದು ತೂಗುಹಾಕಿದ್ದಾರೆ ಎಂದೇ. ಕಂಪ್ಯೂಟರಿಗೆ ಬರೆದದ್ದೇ ಅಚ್ಚಾಗಿ ಬರುವ ಕೊಡೆಯ ಚೀಟಿಯನ್ನು ತಿರುಗಿಸಿ ನೋಡಿದಳು. ‘ನೀಲಿ_ಕೊಡೆ_ಹಿಡಿಗೆ_ಕೆಂಪು_ದಾರ’ ಎಂದಿತ್ತು. ಪದ ಪದದ ನಡುವೆ ಜಾಗವಿಲ್ಲ. ಕೆಳಗೊಂದು ಗೆರೆ ಎಳೆದು ಎಲ್ಲವನ್ನೂ ಕೂಡಿಸಿತ್ತು. ಅವಳು ಚೀಟಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದರು.

ಖಾಲಿ ಜಾಗ ಕಂಡರೆ ಕತ್ತರಿಸುವ ಅವಳ ಯಂತ್ರ ಈ ಗೆರೆ ಕಂಡರೆ ಕತ್ತರಿಸುತ್ತಿರಲಿಲ್ಲ. ಅದಕ್ಕೆ ಅಷ್ಟುದ್ದದ್ದೂ ಒಂದೇ ತುಂಡು, ಒಂದೇ ಪದ. ಜನ ಕೇಳುವುದು ‘ಕೊಡೆ’. ಒಂದೆರಡು ಅಕ್ಷರ ಕ್ಷಮಿಸುವ ಔದಾರ್ಯ ಆ ಎರಡರ ನಡುವಿನ ದೂರಕ್ಕೆ ಎಲ್ಲಿ ಸಾಕು? ಅಷ್ಟೇ ಆಗಿದ್ದರೆ ಪರದೆ ಖಾಲಿ ಉಳಿದು, ಯಾರಾದರೂ ಟಾರ್ಚು ಹಿಡಿದು ಎದ್ದು ಹೋಗುತ್ತಿದ್ದರು. ಅದೂ ಆಗಲಿಲ್ಲ. ಅದೇ ಔದಾರ್ಯ ಸುತ್ತಮುತ್ತಲಿನ ಕೊಡ, ಕತ್ತಿಗಳನ್ನು ಹೆಕ್ಕಿ ತಂದು ಪರದೆ ತುಂಬಿಸುತ್ತಿತ್ತು. ಹತ್ತಿರದ್ದು ಏನೋ ಕಣ್ಣಿಗೆ ಬೀಳುತ್ತಿದ್ದುದರಿಂದ, ಬೇಕಾದದ್ದು ಬಂದಿಲ್ಲ ಎಂದರೆ ಅದು ಇಲ್ಲವೇ ಇಲ್ಲ ಎಂದು ಎಲ್ಲರೂ ನಂಬಿದರು.

ಮಾವನ ಮೇಜಿನ ಮುಂದೆ ನಿಂತು, ಯಾಕೆ ಹೀಗೆ ಕೂಡಿಸಿ ಬರೆಯುತ್ತೀರಿ ಎಂದು ಕೇಳಿದಳು. ಪಕ್ಕದಲ್ಲಿ ಹೊಸಬರಿದ್ದರು.

“ಚೀಟಿ ಅಚ್ಚು ಹಾಕೋ ಹಳೇ ಯಂತ್ರ ಖಾಲಿ ಜಾಗ ಬಂದ ಕೂಡಲೇ ನಿಂತುಬಿಡ್ತಿತ್ತು ಮೇಡಂ. ಕಪ್ಪು ಚೀಲ ಅಂತ ಬರೆದ್ರೆ ಕಪ್ಪು ಅಂತ ಮಾತ್ರ ಬರೋದು. ಗೂಡು ತುಂಬ ಕಪ್ಪು, ಕಪ್ಪು, ಕಪ್ಪು. ಗೆರೆ ಎಳೆದು ಕೂಡಿಸಿದ್ರೆ ಪೂರ್ತಿ ಬರ್ತಿತ್ತು. ಆ ಯಂತ್ರ ಗುಜರಿಗೆ ಹೋಯ್ತು. ಈ ಕೈಗೆ ಯಾರೂ ಹೇಳಲಿಲ್ಲ.”

ಹೊಸಬರಿಬ್ಬರೂ ಸೇರಿದ್ದು ಹೊಸ ಚೀಟಿ ಯಂತ್ರ ಬಂದ ಮೇಲೆ. ಕಳೆದದ್ದೆಲ್ಲ ಮಾವನ ಕೈಯದೇ ಯಾಕೆ ಎಂಬುದಕ್ಕೆ ಉತ್ತರ ಅದೇ. ಅವಳು ಗೆರೆ ಕಂಡಲ್ಲೂ ತುಂಡು ಮಾಡು ಎಂದು ಯಂತ್ರಕ್ಕೆ ಹೇಳಿ, ಎಲ್ಲ ವಿವರಗಳನ್ನೂ ಮೊದಲಿನಿಂದ ಮತ್ತೆ ಓದಿಸಿದಳು.

ಸೋಮವಾರದ ಸಭೆಯಲ್ಲಿ, ಮಾವನ ಎದುರಿಗೇ, ಅವಳು ಇದನ್ನೆಲ್ಲ ವಿವರಿಸಿದಾಗ, ಮೇಲ್ವಿಚಾರಕಿ ಎಲ್ಲವನ್ನೂ ಕೇಳಿ, ಹಾಗಾದರೆ ತಪ್ಪು ಅವರದೇ ಆಯಿತಲ್ಲ, ಹಾಗೆ ಬರೆದದ್ದು ಅವರು ತಾನೇ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬೇಡ, ಯಂತ್ರ ಕಟ್ಟಿದವಳು ನಾನು, ನೋಡಬೇಕಾದದ್ದೂ ನಾನು ಎಂದು ಅವಳು ಹೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಚ್ಚಿಟ್ಟದ್ದು ಇನ್ನೊಂದು ದಿನ ಬೇರೆ ಬಾಯಿಂದ ಹೊರಬಿದ್ದರೆ ಯಾರು ನಂಬುತ್ತಾರೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಇನ್ನೊಂದು ಮಾತು,” ಎಂದಳು. “ಇವರು ನಮ್ಮಮ್ಮನ ತಮ್ಮ.”

ಮೇಲ್ವಿಚಾರಕಿ ಪೆನ್ನು ಕೆಳಗಿಟ್ಟು ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿದರು. “ಸರಿಹೋಯ್ತು. ಕಳ್ಳನೂ ನಿಮ್ಮ ಮನೆಯವರೇ, ಪೊಲೀಸೂ ನಿಮ್ಮ ಮನೆಯವರೇ. ಈ ಗೆರೆ ಕತೇನ ನಾನು ಯಾಕೆ ನಂಬಬೇಕು?”

ನಂಬಬೇಡಿ, ಬನ್ನಿ ಎಂದಳು ಅವಳು. ಹೊರಗೆ ಗಾಜಿನ ಮುಂದೆ ದರ್ಜಿ ಆಗಲೇ ಬಂದು ನಿಂತಿದ್ದ. ಕೌಂಟರಿನವರು ‘ಕತ್ತರಿ’ ಎಂದು ಒತ್ತಿದರು. ಮರದ ಕತ್ತಿಗಿಂತ ಎಷ್ಟೋ ಮೇಲೆ, ಹೊಸದೊಂದು ಸಾಲು ಕಾಣಿಸಿತು: ‘ದರ್ಜಿ_ಕತ್ತರಿ_ದೊಡ್ಡದು_ಕಪ್ಪು_ಹಿಡಿ’. ಮೇಲ್ವಿಚಾರಕಿ ಬೇರೆ ಯಾರನ್ನೂ ಕಳಿಸದೆ ತಾವೇ ಗೂಡಿಗೆ ಹೋಗಿ ಪೆಟ್ಟಿಗೆ ತೆಗೆದು ತಂದರು. ದರ್ಜಿ ಕತ್ತರಿಯೊಳಗೆ ಬೆರಳು ತೂರಿಸಿ ಗಾಳಿಯಲ್ಲಿ ಒಮ್ಮೆ ಕತ್ತರಿಸಿ, ಸದ್ದು ಕೇಳಿ, ತಲೆಯಾಡಿಸಿದ. ಸಂಜೆಯೊಳಗೆ ಗಡಿಯಾರ, ಕ್ಯಾಮೆರಾ, ಕಿವಿಯ ಯಂತ್ರ ಎಲ್ಲ ಸಿಕ್ಕಿದವು. ಮಾವನ ಕೆಲಸ ಉಳಿಯಿತು.

ಆ ಸಂಜೆ ಇಬ್ಬರೂ ಒಟ್ಟಿಗೆ ಮಾವನ ಮನೆಗೆ ನಡೆದರು. ಅವಳು ನೀಲಿ ಕೊಡೆಯನ್ನು ಕೌಂಟರಿನಿಂದ ಬಿಡಿಸಿಕೊಂಡು ಕೈಯಲ್ಲಿ ಹಿಡಿದಿದ್ದಳು. ತುಸು ದೂರ ಹೋದ ಮೇಲೆ ಮಾವ ಹೇಳಿದರು:

“ಆ ದಾರದ ಗಂಟು ನೋಡಿದಾಗಲೇ ಗೊತ್ತಾಯ್ತು. ಚಿಕ್ಕಂದಿನಿಂದ ಹಾಗೇ ಕಟ್ತೀಯ, ಒಂದು ಸುತ್ತು ಜಾಸ್ತಿ. ಪತ್ತೇದಾರಿ ಬೋನು ಇಟ್ಟಿದಾಳೆ ಅಂದ್ಕೊಂಡೆ. ಬೇರೆ ಕೊಡೆಗಳ ಹಾಗೇನೇ ಅದನ್ನೂ ಬರೆದು ತೂಗುಹಾಕಿದೆ.”

ಅವಳು ದಾರದ ಸುತ್ತು ಎಣಿಸಿ ನೋಡಿದಳು. ಬೀರುವಿನ ಬೀಗ ಯಾಕೆ ಎಂದು ಕೇಳಬೇಕೆಂದಿದ್ದಳು. ಕೇಳದೆಯೇ ಮಾವ ಹೇಳಿದರು, ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಅದಕ್ಕೆ ಎಂದು. ಬೀರು ಎಳೆದ ಸದ್ದು ಆ ದಿನ ಊಟದ ಮನೆಗೆ ಕೇಳಿಸಿತ್ತಂತೆ. ಆಗ ಅವಳು, ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿದಳು.

“ಮಾವ, ಆ ಹಳದಿ ಕೋಟು?”

ಮಾವ ನಡಿಗೆ ನಿಲ್ಲಿಸಲಿಲ್ಲ.

“ಅದು ಕದ್ದದ್ದೇ. ಹರಾಜಿಗೆ ಬಂದಿರಲಿಲ್ಲ. ಆ ವರ್ಷ ನೀನು ಬರೀ ಕೆಮ್ಮು. ಹೆಸರಿನ ಪಟ್ಟಿ ನಾನೇ ಬಿಚ್ಚಿದೆ. ಅದೊಂದೇ, ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ನಂಬಿದ್ರೆ ನಂಬು, ಬಿಟ್ರೆ ಬಿಡು.”

ಅದೊಂದೇ ಎಂಬ ಮಾತನ್ನು ಅವಳು ನಂಬಿದಳೋ ಇಲ್ಲವೋ, ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಕೇಳಿದರೆ, ವಿಚಾರಣೆ ನಡೀತಿದೆ ಎನ್ನುತ್ತಿದ್ದಳು. ಆದರೆ ಆ ವಾರವೇ ಅಮ್ಮನ ಪೆಟ್ಟಿಗೆಯ ತಳದಿಂದ ಕೋಟು ತೆಗೆದು, ಮಾವನಿಗೆ ಹೇಳಿಯೇ, ಮಾವನ ಮೇಜಿಗೇ ಒಯ್ದು ಒಪ್ಪಿಸಿದಳು. ಎಲ್ಲಿ ಸಿಕ್ಕಿತು ಎಂದು ಮಾವ ಕಚೇರಿಯ ದನಿಯಲ್ಲಿ ಕೇಳಿದರು. ಮನೆಯಲ್ಲಿ ಎಂದಳು. ಬರೆದುಕೊಂಡರು. ವರ್ಷದ ಕೊನೆಗೆ ಯಾರೂ ಕೇಳದ ವಸ್ತು ಹರಾಜಿಗೆ ಹೋಗುತ್ತದೆ. ಅದರ ಮುಂದೆ ‘ವಿಚಾರಣೆ ಬಾಕಿ’ ಎಂದು ಯಾರಾದರೂ ಗುರುತು ಹಾಕಿದರೆ ಮಾತ್ರ ಉಳಿಯುತ್ತದೆ. ಅವಳು ಪ್ರತಿ ವರ್ಷ ಹೋಗಿ ಗುರುತು ಹಾಕಿ ಬರುತ್ತಿದ್ದಳು. ಕಾಯಿಲೆ ಬಿದ್ದ ವರ್ಷವೂ ಹೋಗಿದ್ದಳು, ಆಟೋದಲ್ಲಿ, ಅಮ್ಮನ ಹೆಗಲು ಹಿಡಿದು. ಕೋಟು ಕಳೆದುಕೊಂಡ ಆ ಮಗುವಿಗೆ ಈಗ ಮಕ್ಕಳಿರಬಹುದು ಎಂದು ಕೌಂಟರಿನವರು ಅಂದರೆ, ಇರಲಿ, ಆ ಮಕ್ಕಳಿಗೆ ಸರಿಹೋಗುತ್ತದೆ ಎಂದಿದ್ದಳಂತೆ.

ಅವಳು ಹೋದ ಮೇಲೆ ಬಂದ ಮೊದಲ ವರ್ಷಾಂತ್ಯಕ್ಕೆ ಮಾವ ನೆಲಮಾಳಿಗೆಯ ಮೆಟ್ಟಿಲಿಳಿದರು. ನಿವೃತ್ತರಾಗಿ ಬಹಳ ಕಾಲವಾಗಿತ್ತು. ಕೌಂಟರಿನಲ್ಲಿದ್ದವರಿಗೆ ಅವರ ಗುರುತಿರಲಿಲ್ಲ. ಏನು ಕಳೆದುಕೊಂಡಿರಿ ಎಂದು ಕೇಳಿದರು. ಕಳೆದುಕೊಂಡದ್ದಕ್ಕೆ ಬಂದದ್ದಲ್ಲ ಎಂದರು ಮಾವ. ‘ಮಳೆಕೋಟು’ ಎಂದು ಹುಡುಕಿಸಿದರು. ಮೊದಲ ಸಾಲಿನಲ್ಲೇ ಬಂತು. ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ, ಅಕ್ಷರ ಅಕ್ಷರ ಹುಡುಕಿ ‘ವಿಚಾರಣೆ’ ಎಂದು ಒತ್ತಿದರು. ಬೆರಳು ಅಭ್ಯಾಸಬಲದಿಂದ ಗೆರೆಯ ಕಡೆಗೆ ಹೋಯಿತು. ಅಲ್ಲೇ ತಡೆದು, ಕೈ ಕೆಳಗೆ ತಂದು, ಉದ್ದದ ಖಾಲಿ ಕೀಲಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಪರದೆಯ ಮೇಲೆ ಜಾಗ ಬಿದ್ದಿದೆಯೇ ಎಂದು ಕನ್ನಡಕ ಸರಿಮಾಡಿ ನೋಡಿಕೊಂಡರು. ಆಮೇಲೆ ‘ಬಾಕಿ’ ಎಂದು ಬರೆದರು.